ಔಷಧಿ ಕುಡಿಸಿದರೂ ಮೇಕೆ ಸಾಯುವುದೇಕೆ? ತುಮಕೂರಿನ ಮಂದೆಗಳಲ್ಲಿ ಜಂತುಹುಳದ ಲೆಕ್ಕ

ಶಿರಾ, ಮಧುಗಿರಿ, ಪಾವಗಡದ ಕಡೆ ಮಳೆಗಾಲ ಮುಗಿಯುತ್ತಾ ಬಂತೆಂದರೆ ಮೇಕೆ ಸಾಕುವವರ ಬಾಯಲ್ಲಿ ಒಂದೇ ಮಾತು. "ಔಷಧಿ ಕುಡ್ಸಿದ್ವಿ ಸಾರ್, ಆದ್ರೂ ಹೋದ್ವು." ಅವರು ಸುಳ್ಳು ಹೇಳುತ್ತಿಲ್ಲ. ವರ್ಷಕ್ಕೆ ಎರಡು ಮೂರು ಸಲ, ಮಂದೆಯ ದೊಡ್ಡದು ಚಿಕ್ಕದು ಎನ್ನದೆ ಎಲ್ಲದಕ್ಕೂ ಕುಡಿಸಿರುತ್ತಾರೆ. ಹೀಗೆ ಎಲ್ಲದಕ್ಕೂ ಒಟ್ಟಿಗೆ ಕುಡಿಸುವ ಪದ್ಧತಿಯೇ ಇವತ್ತು ತೊಂದರೆಯ ದೊಡ್ಡ ಭಾಗ ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಹುಳವನ್ನೇ ನೋಡಬೇಕು.

ಜಂತುಹುಳು ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಲಾಡಿಹುಳು. ಹಿಕ್ಕೆಯ ಜೊತೆ ಬಿಳಿ ಬಿಳಿ ತುಂಡು ಬೀಳುವುದು ಕಣ್ಣಿಗೆ ಕಾಣುತ್ತದೆ, ಗಾಬರಿಯಾಗುತ್ತದೆ, ಔಷಧಿ ಅಂಗಡಿಗೆ ಓಡುತ್ತಾರೆ. ಆದರೆ ಲಾಡಿಹುಳು ಸಾಮಾನ್ಯವಾಗಿ ಮೇಕೆಯನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಹಿಕ್ಕೆಯಲ್ಲಿ ಕಾಣಿಸದ ಇನ್ನೊಂದು ಹುಳು, ಹೆಸರು ಹೀಮಾಂಕಸ್ ಕಂಟಾರ್ಟಸ್. ಮೇಕೆ ಮತ್ತು ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಇದರ ವಾಸ, ರಕ್ತವೇ ಇದರ ಊಟ. ಹೆಣ್ಣು ಹುಳು ಎರಡು ಮೂರು ಸೆಂಟಿಮೀಟರ್ ಉದ್ದ ಇರುತ್ತದೆ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಹೆಣೆದುಕೊಂಡಿರುವುದರಿಂದ ಮೈಮೇಲೆ ಕೆಂಪು ಬಿಳಿ ಪಟ್ಟೆ ಕಾಣುತ್ತದೆ. ಸತ್ತ ಮೇಕೆಯ ನಾಲ್ಕನೇ ಹೊಟ್ಟೆ ಕೊಯ್ದು ನೋಡಿದರೆ ಬರಿಗಣ್ಣಿಗೇ ಸಿಗುತ್ತದೆ. ನಮ್ಮಲ್ಲಿ ಕೊಯ್ದು ನೋಡುವವರು ಕಡಿಮೆ, ಹೂಳುವವರು ಜಾಸ್ತಿ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಕೇಳಲು ಏನೂ ಅಲ್ಲ. ಆದರೆ ಹೊಟ್ಟೆಯಲ್ಲಿ ಸಾವಿರ ಹುಳು ಇರುವುದು ಅಪರೂಪವೇನಲ್ಲ, ಆಗ ದಿನಕ್ಕೆ 50 ಮಿಲಿಲೀಟರ್ ಆಯಿತು. 25 ಕಿಲೋ ಮೇಕೆಯ ಮೈಯಲ್ಲಿರುವ ಒಟ್ಟು ರಕ್ತ ಎರಡು ಲೀಟರೂ ಆಗುವುದಿಲ್ಲ. ಇನ್ನು ಒಂದು ಹೆಣ್ಣು ಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯ ಜೊತೆ ಹೊರಬಂದು, ಬೆಚ್ಚಗಿನ ತೇವ ಸಿಕ್ಕರೆ ಒಂದು ವಾರದೊಳಗೆ ಮರಿಯಾಗಿ ಹುಲ್ಲು ಏರುತ್ತವೆ. ಆ ಹುಲ್ಲು ಮೇಕೆಯ ಹೊಟ್ಟೆ ಸೇರಿದ ಸುಮಾರು ಮೂರು ವಾರಕ್ಕೆ ಮರಿಗಳು ಬೆಳೆದು ತಾವೂ ಮೊಟ್ಟೆ ಇಡಲು ಶುರು ಮಾಡುತ್ತವೆ. ಜುಲೈನಲ್ಲಿ ಚೆನ್ನಾಗಿದ್ದ ಮಂದೆ ಅಕ್ಟೋಬರಿನಲ್ಲಿ ಒಂದೊಂದಾಗಿ ಬೀಳುವುದು ಈ ವೇಗದಿಂದ.

ಮೋಸ ಇರುವುದು ರೋಗದ ಲಕ್ಷಣದಲ್ಲಿ. ಹುಳು ಇದ್ದರೆ ಬೇಧಿ ಆಗಬೇಕು ಎಂದು ಎಲ್ಲರೂ ಕಾಯುತ್ತಾರೆ. ಈ ಹುಳದಲ್ಲಿ ಬೇಧಿ ಆಗಲೇಬೇಕೆಂದಿಲ್ಲ. ಹಿಕ್ಕೆ ಉಂಡೆಯುಂಡೆಯಾಗಿಯೇ ಬೀಳುತ್ತಿರುತ್ತದೆ, ಮೇಕೆ ಮೇವೂ ತಿನ್ನುತ್ತಿರುತ್ತದೆ. ಮಂದೆಯ ಹಿಂದೆ ಬೀಳುತ್ತದೆ, ಏದುಸಿರು ಬಿಡುತ್ತದೆ, ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿ ಮೆತ್ತಗೆ ಊದಿಕೊಳ್ಳುತ್ತದೆ. ಈ ಊತ ನೋಡಿ ಗಂಟಲು ಊದುವ ಗಳಲೆ ರೋಗ ಅಂದುಕೊಂಡು ಸೂಜಿ ಹಾಕಿಸುವವರಿದ್ದಾರೆ. ಗಳಲೆಯಲ್ಲಿ ಜೋರು ಜ್ವರ ಇರುತ್ತದೆ. ಹುಳದ ಊತದಲ್ಲಿ ಜ್ವರ ಇರುವುದಿಲ್ಲ, ಕಣ್ಣಿನ ರೆಪ್ಪೆಯ ಒಳಗೆ ರಕ್ತವೇ ಇಲ್ಲದಂತೆ ಬಿಳುಚಿರುತ್ತದೆ.

ಮೇಕೆಯನ್ನು ಕುರಿಯಂತೆ ಮೇಯಿಸಿದಾಗ

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ವಾ, ಜಂತುಹುಳದ ವಿಷಯದಲ್ಲಿ ಮೇಕೆಯನ್ನು ಕಾಪಾಡಿಕೊಂಡು ಬಂದದ್ದು ಆ ಸ್ವಭಾವವೇ. ಹುಳದ ಮರಿಗಳು ಹುಲ್ಲಿನ ಮೇಲೆ ಹೆಚ್ಚು ಎತ್ತರ ಹತ್ತುವುದಿಲ್ಲ. ಬಹುಪಾಲು ನೆಲದಿಂದ ಎರಡು ಮೂರು ಅಂಗುಲದಲ್ಲೇ ಇರುತ್ತವೆ. ಹಿಂಗಾಲ ಮೇಲೆ ನಿಂತು ಜಾಲಿ, ಬೇವು, ಬಾರೆ, ಮುತ್ತುಗದ ಸೊಪ್ಪು ತಿನ್ನುವ ಪ್ರಾಣಿಯ ಬಾಯಿಗೆ ಅವು ಸಿಗುವುದು ಕಡಿಮೆ. ಅದಕ್ಕೇ ಇರಬೇಕು, ಈ ಹುಳದ ವಿರುದ್ಧ ಕುರಿಯ ಮೈಯಲ್ಲಿ ಬೆಳೆಯುವಷ್ಟು ಶಕ್ತಿ ಮೇಕೆಯ ಮೈಯಲ್ಲಿ ಬೆಳೆಯುವುದಿಲ್ಲ. ಕುರಿ ದೊಡ್ಡದಾದ ಮೇಲೆ ಒಂದಷ್ಟು ತಡೆದುಕೊಳ್ಳುತ್ತದೆ, ಮೇಕೆ ದೊಡ್ಡದಾದರೂ ಸುಲಭವಾಗಿ ಸೋಲುತ್ತದೆ. ಕುರಿಯ ಹುಳವೂ ಮೇಕೆಯ ಹುಳವೂ ಒಂದೇ ಆಗಿರುವುದರಿಂದ ಎರಡನ್ನೂ ಸೇರಿಸಿ ಮೇಯಿಸುವ ನಮ್ಮ ಮಂದೆಗಳಲ್ಲಿ ಪೆಟ್ಟು ಜಾಸ್ತಿ ಬೀಳುವುದು ಮೇಕೆಗೆ.

ಈಗ ಸೊಪ್ಪಿನ ಜಾಗ ಎಲ್ಲಿದೆ? ಗೋಮಾಳ ಕರಗಿದೆ, ಅರಣ್ಯದಂಚಿಗೆ ಬೇಲಿ ಬಿದ್ದಿದೆ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಅದರಿಂದ ಗುತ್ತಿಗೆ ಹಣ ಬಂದ ಮನೆಗಳಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಡಲೆಕಾಯಿ ಕಿತ್ತ ಮೇಲೆ ಮಂದೆ ತಿರುಗಾಡುತ್ತಿದ್ದ ಬೀಳು ಹೊಲ ಅಷ್ಟರ ಮಟ್ಟಿಗೆ ಕಡಿಮೆಯಾಯಿತು. ಜಾಗ ಕಡಿಮೆಯಾದರೆ ಅದೇ ಕೆರೆ ಬದು, ಅದೇ ರಸ್ತೆ ಬದಿಯಲ್ಲಿ ದಿನಾ ಮೇಯಬೇಕು. ನಿನ್ನೆ ಹಿಕ್ಕೆ ಹಾಕಿದ ಕಡೆ ವಾರ ಕಳೆದು ಮತ್ತೆ ಬಾಯಿ ಹಾಕಬೇಕು. ಹುಳಕ್ಕೆ ಬೇಕಾಗಿರುವುದು ಇಷ್ಟೇ.

ಹವೆಯ ಲೆಕ್ಕವೂ ಇದೆ. ನಮ್ಮ ಬಯಲು ಸೀಮೆಯಲ್ಲಿ ಮೇ ತಿಂಗಳ ಮಳೆಯಿಂದ ಹುಲ್ಲು ಚಿಗುರಿದರೂ ಜಾಸ್ತಿ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹುಳದ ಹಾವಳಿ ತೀರಾ ಏರುವುದೂ ಆಗಲೇ, ಅದರ ಬಾಲ ಡಿಸೆಂಬರಿನ ತನಕ ಎಳೆಯುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಹೊಲದಲ್ಲಿರುವ ಮರಿಗಳು ಸುಟ್ಟುಹೋಗುತ್ತವೆ. ಆ ತಿಂಗಳುಗಳಲ್ಲಿ ಹುಳು ಉಳಿಯುವುದು ಹೆಚ್ಚುಕಮ್ಮಿ ಒಂದೇ ಕಡೆ, ಮೇಕೆಯ ಹೊಟ್ಟೆಯೊಳಗೆ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಔಷಧಿ ಸೋಲುವ ಬಗೆ

ಅಂಗಡಿಯಲ್ಲಿ ಸಿಗುವ ಜಂತುನಾಶಕಗಳು ಹತ್ತಾರು ಹೆಸರಿನವು. ಒಳಗಿರುವ ಮದ್ದುಗಳ ಗುಂಪು ಮಾತ್ರ ನಾಲ್ಕಾರು. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಒಂದು ಗುಂಪು. ಲೆವಮಿಸೋಲ್ ಬೇರೆ. ಐವರ್‌ಮೆಕ್ಟಿನ್ ಬೇರೆ. ಕ್ಲೋಸಾಂಟೆಲ್, ರಾಫಾಕ್ಸನೈಡ್ ಇನ್ನೊಂದು ಗುಂಪು. ಹೋದ ಸಲ ನೀಲಿ ಬಾಟಲಿ ತಂದೆವು, ಈ ಸಲ ಹಸಿರು ಬಾಟಲಿ ತಂದೆವು, ಔಷಧಿ ಬದಲಾಯಿಸಿದ್ದೇವೆ ಅನ್ನುತ್ತಾರೆ. ಎರಡರ ಹಿಂದೆಯೂ ಸಣ್ಣ ಅಕ್ಷರದಲ್ಲಿ ಅಲ್ಬೆಂಡಜೋಲ್ ಅಂತಲೇ ಇರುತ್ತದೆ.

ಈ ಗುಂಪಿನ ಮೊದಲ ಔಷಧಿ ಥಯಾಬೆಂಡಜೋಲ್ ಬಂದದ್ದು 1961ರಲ್ಲಿ. 1964ಕ್ಕೇ ಅಮೆರಿಕದಲ್ಲಿ ಅದಕ್ಕೆ ಬಗ್ಗದ ಹೀಮಾಂಕಸ್ ವರದಿಯಾಯಿತು. ಭಾರತದಲ್ಲಿ ಅಂಥ ವರದಿ 1976ರಲ್ಲೇ ಬಂದಿದೆ, ಕರ್ನಾಟಕದ ಕುರಿಗಳಲ್ಲೂ ಆಮೇಲೆ ದಾಖಲಾಗಿದೆ. ಹೊಸ ಔಷಧಿ ಬಂದು ಕಾಪಾಡುತ್ತದೆ ಎಂದು ಕಾಯುವವರಿಗೆ ನ್ಯೂಜಿಲೆಂಡಿನ ಉದಾಹರಣೆ ಇದೆ. ಅಲ್ಲಿ 2009ರಲ್ಲಿ ಮೊನೆಪಾಂಟೆಲ್ ಎಂಬ ಪೂರ್ತಿ ಹೊಸ ಗುಂಪಿನ ಮದ್ದು ಮಾರುಕಟ್ಟೆಗೆ ಬಂತು. 2013ರಲ್ಲಿ ಅದೇ ದೇಶದ ಒಂದು ಫಾರ್ಮಿನಲ್ಲಿ ಅದೂ ಸೋತ ವರದಿ ಪ್ರಕಟವಾಯಿತು.

ಔಷಧಿ ಸೋಲುವುದು ಹೀಗೆ. ಮಂದೆಯ ಹುಳಗಳಲ್ಲಿ ಕೆಲವು ಹುಟ್ಟಿನಿಂದಲೇ ಆ ಮದ್ದಿಗೆ ಬಗ್ಗದಂಥವು ಇರುತ್ತವೆ. ಎಲ್ಲ ಮೇಕೆಗೂ ಒಂದೇ ದಿನ ಕುಡಿಸಿದಿರಿ. ಬಗ್ಗುವ ಹುಳಗಳೆಲ್ಲ ಸತ್ತವು, ಉಳಿದವು ಬಗ್ಗದವು ಮಾತ್ರ. ಮುಂದಿನ ಮೂರು ವಾರ ಮೊಟ್ಟೆ ಇಡುವುದು ಅವೇ. ಹೊಲದಲ್ಲಿ ಬೇರೆ ಸಾಧಾರಣ ಹುಳದ ಮರಿಗಳು ಇದ್ದರೆ ಅವು ಬಂದು ಬೆರೆತು ಬಲ ಕುಗ್ಗಿಸುತ್ತವೆ. ಇಲ್ಲದಿದ್ದರೆ ಗಟ್ಟಿ ಹುಳಗಳದೇ ವಂಶ.

ಬೇಸಿಗೆಯ ವಿಷಯ ಇಲ್ಲಿ ಬಂತು. ಮಳೆಗೆ ಮುಂಚೆ ಎಲ್ಲದಕ್ಕೂ ಕುಡಿಸಿ, ಮಳೆ ಮುಗಿದ ಮೇಲೆ ಎಲ್ಲದಕ್ಕೂ ಕುಡಿಸಿ ಎನ್ನುವುದು ಹಳೆಯ ಸಲಹೆ. ಕೇಳಲು ಚೆನ್ನಾಗಿದೆ, ಲೆಕ್ಕಕ್ಕೂ ಸುಲಭ. ಆದರೆ ಪಾವಗಡದಂಥ ಒಣ ತಾಲ್ಲೂಕಿನಲ್ಲಿ ಏಪ್ರಿಲ್ ತಿಂಗಳು ಹೊಲದಲ್ಲಿ ಹುಳದ ಮರಿಯೇ ಇರುವುದಿಲ್ಲ. ಇರುವ ಹುಳವೆಲ್ಲ ಮೇಕೆಗಳ ಹೊಟ್ಟೆಯಲ್ಲೇ. ಆಗ ಒಂದನ್ನೂ ಬಿಡದೆ ಕುಡಿಸಿದರೆ ಮಳೆಗಾಲದ ಬೀಜವಾಗಿ ಉಳಿಯುವುದು ಔಷಧಿ ತಡೆದುಕೊಂಡ ಹುಳು ಮಾತ್ರ. ಪಶ್ಚಿಮ ಆಸ್ಟ್ರೇಲಿಯಾದ ಕುರಿ ಸಾಕಣೆದಾರರು ಒಣ ಬೇಸಿಗೆಯಲ್ಲಿ ಹೀಗೆ ಮಾಡಿಯೇ ಔಷಧಿಯ ಬಲ ಬೇಗ ಕಳೆದುಕೊಂಡರು. ಕುಡಿಸಿದ ದಿನವೇ ಹೊಸ, ಚೊಕ್ಕ ಹೊಲಕ್ಕೆ ಹೊಡೆಯಿರಿ ಎಂಬ ಹಳೆಯ ಸಲಹೆಯೂ ಇದೇ ಕಾರಣಕ್ಕೆ ಈಗ ಹಿಂದೆ ಬಿದ್ದಿದೆ.

ಇನ್ನೊಂದು ಕಡೆ ಔಷಧಿಯ ಅಳತೆ. ಅರ್ಧ ಕುಡಿಸಿದರೆ ಅರ್ಧ ಕೆಲಸ ಅಲ್ಲ, ಕೆಲಸ ಕೆಡುತ್ತದೆ. ದೊಡ್ಡ ಮೇಕೆಗೆ ಹತ್ತು ಮಿಲಿಲೀಟರ್, ಮರಿಗೆ ಐದು ಅಂತ ಕಣ್ಣಂದಾಜಿನಲ್ಲಿ ಕುಡಿಸುವುದು ನಮ್ಮ ರೂಢಿ. ಕಿಲೋಗೆ 10 ಮಿಲಿಗ್ರಾಂ ಅಂತ ವೈದ್ಯರು ಬರೆದರು ಅಂದುಕೊಳ್ಳಿ. ಶೇ 2.5ರ ಅಲ್ಬೆಂಡಜೋಲ್ ದ್ರಾವಣದಲ್ಲಿ ಒಂದು ಮಿಲಿಲೀಟರಿಗೆ 25 ಮಿಲಿಗ್ರಾಂ ಇರುತ್ತದೆ. 30 ಕಿಲೋ ಮೇಕೆಗೆ 12 ಮಿಲಿಲೀಟರ್ ಬೇಕು, 45 ಕಿಲೋ ಹೋತಕ್ಕೆ 18. ಹತ್ತೇ ಕುಡಿಸಿದರೆ ಹೋತದ ಹೊಟ್ಟೆಯ ಹುಳಕ್ಕೆ ಮದ್ದಿನ ರುಚಿ ತೋರಿಸಿದಂತಾಯಿತು, ಅಷ್ಟೇ. ಸಂತೆಯಲ್ಲಿ ಮೇಕೆ ತೂಗುವ ಕೊಕ್ಕೆ ತಕ್ಕಡಿ ಒಂದು ಮಂದೆಯವರ ಹತ್ತಿರ ಇದ್ದರೆ ಊರಿಗೆಲ್ಲ ಸಾಕು.

ಮೇಕೆಯ ಮೈ ಈ ಔಷಧಿಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಹಾಗಾಗಿ ಕುರಿಯ ಅಳತೆ ಮೇಕೆಗೆ ಸಾಲುವುದಿಲ್ಲ. ಅಲ್ಬೆಂಡಜೋಲ್ ಗುಂಪಿನಲ್ಲಿ ಕುರಿಗೆ ಕೊಡುವುದರ ಎರಡರಷ್ಟನ್ನು ಮೇಕೆಗೆ ಬರೆಯುವ ವೈದ್ಯರಿದ್ದಾರೆ. ಆದರೆ ಇದನ್ನು ಓದಿ ಎಲ್ಲ ಬಾಟಲಿಗೂ ಎರಡು ಪಟ್ಟು ಮಾಡಬೇಡಿ. ಲೆವಮಿಸೋಲ್ ಸ್ವಲ್ಪ ಹೆಚ್ಚಾದರೂ ವಿಷ. ಕ್ಲೋಸಾಂಟೆಲ್ ಅಳತೆ ಮೀರಿದರೆ ಕಣ್ಣೇ ಹೋಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಕೊಡಬಾರದು, ಮರಿ ಅಂಗ ಊನವಾಗಬಹುದು. ಕುಡಿಸುವಾಗ ನಾಲಿಗೆಯ ಬುಡದ ಮೇಲೆ ಬಿಡಿ. ಬಾಯಿಯ ಮುಂದೆ ಸುರಿದರೆ ಕೆಲವೊಮ್ಮೆ ಔಷಧಿ ಮೊದಲ ಹೊಟ್ಟೆ ತಪ್ಪಿಸಿ ನೇರ ಒಳಗೆ ಜಾರುತ್ತದೆ, ಬೇಗ ಮೈಯಿಂದ ಹೊರಗೂ ಹೋಗುತ್ತದೆ.

ಯಾವುದಕ್ಕೆ ಕುಡಿಸಬೇಕು?

ಮಂದೆಯಲ್ಲಿ ಹುಳು ಎಲ್ಲ ಮೇಕೆಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಸುಮಾರಾಗಿ ಹೇಳುವುದಾದರೆ ನೂರರಲ್ಲಿ ಇಪ್ಪತ್ತು ಮೂವತ್ತು ಮೇಕೆಗಳ ಹೊಟ್ಟೆಯಲ್ಲೇ ಮುಕ್ಕಾಲು ಪಾಲು ಹುಳು ಇರುತ್ತದೆ. ಉಳಿದವು ಒಂದಷ್ಟು ಹುಳು ಇಟ್ಟುಕೊಂಡೂ ಆರಾಮಾಗಿರುತ್ತವೆ. ಆ ಇಪ್ಪತ್ತು ಮೂವತ್ತನ್ನು ಹುಡುಕಿ ಅವಕ್ಕೆ ಮಾತ್ರ ಸರಿಯಾದ ಅಳತೆಯಲ್ಲಿ ಕುಡಿಸಿದರೆ ಸಾವೂ ತಪ್ಪುತ್ತದೆ, ಉಳಿದವುಗಳ ಹೊಟ್ಟೆಯಲ್ಲಿ ಔಷಧಿಗೆ ಬಗ್ಗುವ ಹುಳವೂ ಉಳಿಯುತ್ತದೆ. ಬೇಕಂತಲೇ ಸ್ವಲ್ಪ ಹುಳು ಬಿಡಬೇಕು ಅಂದರೆ ನಮ್ಮ ಕುರಿಗಾಹಿ ಮುಖ ನೋಡಿ ನಗುತ್ತಾನೆ, ಅವನ ತಪ್ಪಿಲ್ಲ. ಇಷ್ಟು ವರ್ಷ ಎಲ್ಲರೂ ಅವನಿಗೆ ಉಲ್ಟಾ ಹೇಳಿದ್ದಾರೆ.

ಹುಡುಕುವುದು ಹೇಗೆ? ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ಇದಕ್ಕೆ ಒಂದು ಚಾರ್ಟ್ ಮಾಡಿದರು. ಪಶುವೈದ್ಯ ಫಫಾ ಮಲಾನ್ ಹೆಸರಿನಿಂದ ಅದಕ್ಕೆ ಫಮಾಚಾ ಅಂತ ಹೆಸರು. ಕೆಳರೆಪ್ಪೆ ಎಳೆದು ಒಳಗಿನ ಬಣ್ಣವನ್ನು ಚಾರ್ಟಿನ ಐದು ಬಣ್ಣದ ಜೊತೆ ಹೋಲಿಸುವುದು. ಒಂದು ಅಂದರೆ ಕೆಂಪು, ಮೂರು ಗುಲಾಬಿ, ಐದು ಅಂದರೆ ಸುಣ್ಣದ ಬಿಳುಪು. ನಾಲ್ಕು, ಐದಕ್ಕೆ ಔಷಧಿ ಬೇಕೇ ಬೇಕು. ಮೇಕೆಯಲ್ಲಿ ಮೂರಕ್ಕೂ, ಅದರಲ್ಲೂ ಮರಿ, ಗಬ್ಬದ ಮೇಕೆ, ಹಾಲೂಡಿಸುವ ಮೇಕೆಗೆ ಕೊಡುವುದು ವಾಸಿ. ಒಂದು, ಎರಡು ಬಂದವನ್ನು ಬಿಟ್ಟುಬಿಡಿ. ಬಿಸಿಲ ಬೆಳಕಿನಲ್ಲಿ ನೋಡಬೇಕು, ರೊಪ್ಪದ ಒಳಗಿನ ಕತ್ತಲಲ್ಲಿ ಅಲ್ಲ. ಹೆಚ್ಚು ಹೊತ್ತು ರೆಪ್ಪೆ ಹಿಡಿದರೆ ಬಣ್ಣ ಬದಲಾಗುತ್ತದೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿದರೆ ಸಾಕು.

ಈ ಚಾರ್ಟಿಗೂ ಮಿತಿ ಇದೆ. ರಕ್ತ ಹೀರುವ ಹುಳಕ್ಕೆ ಮಾತ್ರ ಇದು ಕನ್ನಡಿ. ಉಣ್ಣೆ, ಚಿಗಟ ಜಾಸ್ತಿಯಾದರೂ, ಮೇವಿಲ್ಲದೆ ಸೊರಗಿದರೂ ರೆಪ್ಪೆ ಬಿಳುಚುತ್ತದೆ. ಕರುಳಿನ ಬೇರೆ ಹುಳಗಳು ಬೇಧಿ ಮಾಡಿಸಿ ತೂಕ ಇಳಿಸಿದರೂ ರೆಪ್ಪೆ ಕೆಂಪಾಗಿಯೇ ಇರಬಹುದು. ಅದಕ್ಕೇ ಹಿಕ್ಕೆ ಪರೀಕ್ಷೆ ಬೇಕು. ಆಗತಾನೆ ಹಾಕಿದ ಹತ್ತು ಹದಿನೈದು ಹಿಕ್ಕೆಯನ್ನು ಕವರಿನಲ್ಲಿ ಕಟ್ಟಿ, ಬಿಸಿಲು ತಾಗದಂತೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಉಪ್ಪಿನ ದ್ರಾವಣದಲ್ಲಿ ಮೊಟ್ಟೆ ತೇಲಿಸಿ ಸೂಕ್ಷ್ಮದರ್ಶಕದಲ್ಲಿ ಎಣಿಸುವ ಈ ಪರೀಕ್ಷೆಗೆ ದುಬಾರಿ ಸಾಮಾನು ಬೇಡ. ಔಷಧಿ ಕುಡಿಸುವ ದಿನ ಒಮ್ಮೆ, 10ರಿಂದ 14 ದಿನ ಬಿಟ್ಟು ಅವೇ ಮೇಕೆಗಳದ್ದು ಮತ್ತೊಮ್ಮೆ ಎಣಿಸಿದರೆ ನಿಮ್ಮ ಮಂದೆಯಲ್ಲಿ ಆ ಔಷಧಿ ನಡೆಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮೊಟ್ಟೆ ಶೇ 95ರಷ್ಟಾದರೂ ಇಳಿಯಬೇಕು. ಇಳಿಯದಿದ್ದರೆ ಅಳತೆ ತಪ್ಪಿದೆ, ಇಲ್ಲವೇ ಔಷಧಿ ಸೋತಿದೆ.

ಯಾವ ಮೇಕೆಗೆ ಎಷ್ಟು ಸಲ ಕುಡಿಸಿದಿರಿ ಎಂಬುದನ್ನು ಕಿವಿ ಓಲೆಯ ನಂಬರ್ ಹಿಡಿದು ಬರೆದಿಡಿ. ಒಂದೇ ಮಳೆಗಾಲದಲ್ಲಿ ಪದೇ ಪದೇ ಬಿಳುಚುವ ಮೇಕೆ ಇಡೀ ಮಂದೆಗೆ ಮೊಟ್ಟೆ ಹಂಚುವ ಮೇಕೆ. ಔಷಧಿ ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಬಿಟ್ಟು ಅದನ್ನು ಮಾಂಸಕ್ಕೆ ಮಾರುವುದು ಒಳ್ಳೆಯದು. ಹುಳು ತಡೆಯುವ ಶಕ್ತಿ ಒಂದಷ್ಟು ವಂಶದಿಂದ ಬರುತ್ತದೆ. ಆದ್ದರಿಂದ ಬೀಜದ ಹೋತವನ್ನು ಅಂಥ ತಾಯಿಯ ಮರಿಯಿಂದ ಆರಿಸಬೇಡಿ, ಎಷ್ಟೇ ಎತ್ತರ ಇದ್ದರೂ.

ಅಕ್ಕಿರಾಂಪುರದ ಸಂತೆಯಿಂದಲೋ, ಹೊರರಾಜ್ಯದಿಂದಲೋ ಮೇಕೆ ತಂದರೆ ಅದರ ಹೊಟ್ಟೆಯಲ್ಲಿ ಬೇರೆಯವರ ಮಂದೆಯ ಗಟ್ಟಿ ಹುಳವೂ ಬಂದಿರಬಹುದು. ಶಿರೋಹಿ, ಜಮುನಾಪಾರಿ, ಬೋಯರ್ ತಳಿ ಅಂತ ಸಾವಿರಾರು ರೂಪಾಯಿ ಸುರಿದವರು ಇಳಿಸಿದ ಸಂಜೆಯೇ ಹಳೆ ಮಂದೆಗೆ ಬಿಟ್ಟುಬಿಡುತ್ತಾರೆ. ಎರಡು ವಾರ ಬೇರೆ ಕಟ್ಟಿ. ವೈದ್ಯರನ್ನು ಕೇಳಿ ಎರಡು ಬೇರೆ ಬೇರೆ ಗುಂಪಿನ ಔಷಧಿ ಒಟ್ಟಿಗೆ ಕೊಡಿಸಿ, ಹಿಕ್ಕೆ ನೋಡಿಸಿ, ಆಮೇಲೆ ಸೇರಿಸಿ. ಎಲ್ಲ ಬಿಟ್ಟು ಇದೊಂದೇ ಕಡೆ ಒಂದನ್ನೂ ಬಿಡದೆ ಕುಡಿಸುವುದು ಸರಿ.

ಕುಣಿಗಲ್, ಗುಬ್ಬಿ, ತುರುವೇಕೆರೆ ಕಡೆಯವರಿಗೆ ಇನ್ನೊಂದು ತಲೆನೋವು. ಹೇಮಾವತಿ ನೀರು ಬಂದ ಕೆರೆಗಳಲ್ಲಿ ಬೇಸಿಗೆಗೆ ನೀರು ಹಿಂದೆ ಸರಿದಂತೆ ಅಂಗಳದಲ್ಲಿ ಹಸಿರು ಹುಲ್ಲು ಬರುತ್ತದೆ. ಸುತ್ತ ಎಲ್ಲ ಒಣಗಿರುವಾಗ ಮಂದೆ ಅಲ್ಲಿಗೇ ನುಗ್ಗುತ್ತದೆ. ಆ ಹುಲ್ಲಿನಲ್ಲಿ ಸಣ್ಣ ಬಸವನಹುಳು ಬಿಟ್ಟುಹೋದ ಲಿವರ್ ಹುಳದ ಮರಿಗಳು ಅಂಟಿರುತ್ತವೆ. ಅಲ್ಲಿ ಮೇಯ್ದ ಮೇಕೆ ಬಿಳುಚಿದರೆ ಐವರ್‌ಮೆಕ್ಟಿನ್ ಕೊಟ್ಟು ಪ್ರಯೋಜನವಿಲ್ಲ, ಲಿವರ್ ಹುಳಕ್ಕೆ ಅದು ನಾಟುವುದಿಲ್ಲ. ಔಷಧಿ ಬೇರೆ, ಪರೀಕ್ಷೆಯೂ ಸ್ವಲ್ಪ ಬೇರೆ, ಇದರ ಮೊಟ್ಟೆ ಭಾರವಾದ್ದರಿಂದ ಉಪ್ಪುನೀರಿನಲ್ಲಿ ತೇಲುವುದಿಲ್ಲ. ಕೆರೆಗೆ ಹೋಗಿದ್ದೆವು ಅಂತ ವೈದ್ಯರಿಗೆ ಹೇಳದಿದ್ದರೆ ಅವರಿಗೂ ಹೊಳೆಯದೆ ಹೋಗಬಹುದು. ಹಾಗೆಯೇ ಒಂದೆರಡು ತಿಂಗಳ ಮರಿಗಳು ರಕ್ತಬೇಧಿ ಮಾಡಿದರೆ ಅದು ಹೆಚ್ಚಾಗಿ ಕಾಕ್ಸಿಡಿಯಾ. ಅದು ಹುಳವೇ ಅಲ್ಲ, ಜಂತುನಾಶಕಕ್ಕೆ ಬಗ್ಗುವುದಿಲ್ಲ. ರೊಪ್ಪ ಒಣಗಿರುವುದು, ನೀರಿನ ತೊಟ್ಟಿಗೆ ಹಿಕ್ಕೆ ಬೀಳದಿರುವುದು ಮುಖ್ಯ.

ಬೇವು, ಬೆಳ್ಳುಳ್ಳಿ, ಪಪ್ಪಾಯಿ ಬೀಜದ ಬಗ್ಗೆ ತುಂಬ ಜನ ಕೇಳುತ್ತಾರೆ. ಕುಡಿಸಿದರೆ ಕೆಡುಕಿಲ್ಲದಿರಬಹುದು. ರೆಪ್ಪೆ ಬಿಳುಚಿದ ಮೇಕೆಯನ್ನು ಅದರ ಮೇಲೆ ನಂಬಿ ಬಿಡಬೇಡಿ. ಮೈಲುತುತ್ತ ಮಾತ್ರ ಬೇಡವೇ ಬೇಡ, ತಾಮ್ರದ ವಿಷ ಮೇಕೆಗಿಂತ ಕುರಿಗೆ ಬೇಗ ಏರುತ್ತದೆ. ಗಿಡದಿಂದ ಲಾಭ ಬೇಕಿದ್ದರೆ ಕಷಾಯಕ್ಕಿಂತ ಸೊಪ್ಪಾಗಿ ಕೊಡಿ. ಜಾಲಿಯಂಥ ಒಗರು ಸೊಪ್ಪಿನ ಟ್ಯಾನಿನ್ ಹುಳದ ಮೊಟ್ಟೆ ಇಳಿಸಲು ನೆರವಾಗುತ್ತದೆ. ಅಗಸೆ, ಸುಬಾಬುಲ್, ಹಲಸಿನ ಸೊಪ್ಪಿನ ಪ್ರೋಟೀನ್ ಹೋದ ರಕ್ತವನ್ನು ಮತ್ತೆ ತುಂಬಿಸಲು ಬೇಕು. ಮೇಲೆ ಕಟ್ಟಿದ ಸೊಪ್ಪಿನ ಕಟ್ಟಿಗೆ ಹುಳದ ಮರಿ ಹತ್ತುವುದಿಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಮಂದೆ ಬಿಡುವುದು, ರಾಗಿ ಕೊಯ್ದ ಕೂಳೆ ಹೊಲಕ್ಕೆ ಮೊದಲು ಮರಿಗಳನ್ನು ಬಿಡುವುದು, ದನ ಮೇಯ್ದ ಕಡೆ ಮೇಕೆ ಮೇಯಿಸುವುದು, ಇವೆಲ್ಲ ಹಳಬರು ಮಾಡುತ್ತಿದ್ದದ್ದೇ. ಮೇಕೆಯ ಹುಳದ ಮರಿಯನ್ನು ದನ ತಿಂದರೆ ಅದು ಹೆಚ್ಚಾಗಿ ಅಲ್ಲೇ ಸಾಯುತ್ತದೆ.

ಸರ್ಕಾರದ ಕಡೆಗೆ ಬರೋಣ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 61 ಲಕ್ಷ ಮೇಕೆ, 1.1 ಕೋಟಿ ಕುರಿ. ಸತ್ತ ಕುರಿ ಮೇಕೆಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ಇದೆ, 1962ಕ್ಕೆ ಕರೆ ಮಾಡಿದರೆ ಬರುವ ಪಶು ಆಂಬುಲೆನ್ಸ್ ಇದೆ. ಜಂತುನಾಶಕವನ್ನು ಶಿಬಿರ ಮಾಡಿ ಹಂಚುವುದೂ ಇದೆ. ಹಂಚಿದ್ದು ಎಷ್ಟು ಲೀಟರ್ ಅಂತ ಲೆಕ್ಕ ಇಡುವುದು ಸುಲಭ, ಎಷ್ಟು ಮೇಕೆಗೆ ಔಷಧಿ ಬೇಕಾಗಿರಲಿಲ್ಲ ಅಂತ ಲೆಕ್ಕ ಇಡುವುದು ಕಷ್ಟ. ಆದರೂ ಒಂದು ದಾರಿ ಕಾಣುತ್ತದೆ. ಕುರಿ ಮೇಕೆಗಳ ಅಂಟುರೋಗವಾದ ಹಿರೇಬೇನೆಯನ್ನು (ಪಿಪಿಆರ್) 2030ರೊಳಗೆ ನಿರ್ಮೂಲ ಮಾಡುವ ಗುರಿಯಿಂದ ಲಸಿಕೆ ಹಾಕುವವರು ಹಟ್ಟಿ ಹಟ್ಟಿಗೆ ಬರುತ್ತಾರೆ. ಆ ದಿನ ಪ್ರತಿ ಮೇಕೆಯನ್ನೂ ಯಾರೋ ಒಬ್ಬರು ಹಿಡಿದೇ ಹಿಡಿಯುತ್ತಾರೆ. ಅದೇ ಹೊತ್ತಿನಲ್ಲಿ ರೆಪ್ಪೆ ಎಳೆದು ನೋಡಲು ಕೆಲವೇ ಸೆಕೆಂಡು ಸಾಕು. ಜಾನುವಾರು ಆರೈಕೆಗೆ ತರಬೇತಿ ಪಡೆದ ಹಳ್ಳಿಯ ಹೆಂಗಸರಾದ ಪಶುಸಖಿಯರಿಗೆ ಒಂದು ಚಾರ್ಟ್ ಕೊಟ್ಟು, ಬಿಳುಚಿದವಕ್ಕೆ ಬಣ್ಣದ ಗುರುತು ಹಾಕಿಸಿ, ಹಟ್ಟಿಗೆ ಹತ್ತು ಕವರ್ ಹಿಕ್ಕೆ ತಾಲ್ಲೂಕು ಆಸ್ಪತ್ರೆಗೆ ತರಿಸಿದರೆ ಯಾವ ಹೋಬಳಿಯಲ್ಲಿ ಅಲ್ಬೆಂಡಜೋಲ್ ಇನ್ನೂ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬ ಪಟ್ಟಿ ಎರಡು ಮೂರು ಮಳೆಗಾಲದಲ್ಲಿ ತಯಾರಾಗುತ್ತದೆ. ಮುಂದಿನ ಟೆಂಡರಿನಲ್ಲಿ ಯಾವ ಔಷಧಿ, ಎಷ್ಟು ತರಿಸಬೇಕು ಎಂಬುದನ್ನು ಆ ಪಟ್ಟಿ ನೋಡಿ ತೀರ್ಮಾನಿಸಬಹುದು.